ಹಳೇ ನೋಟ್ಸ್ ಸರ್ವರ್‌ನಿಂದ ಹೊಸ ವೇದಿಕೆಗೆ: ಗಡಿನಾಡಿನ ಕಚೇರಿಗಳಿಗೊಂದು ಮಾರ್ಗದರ್ಶಿ

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಕೆಲವು ಹಳೇ ಸಂಸ್ಥೆಗಳಲ್ಲಿ ಇವತ್ತಿಗೂ ಲೋಟಸ್ ನೋಟ್ಸ್ ಅನ್ನುವ ಕಚೇರಿ ಸಾಫ್ಟ್‌ವೇರ್ ಓಡುತ್ತಿದೆ. ಮೂಲೆಯ ಕೋಣೆಯಲ್ಲಿ ನೋಟ್ಸನ್ನು ನಡೆಸುವ ಒಂದು ಡಾಮಿನೊ ಸರ್ವರ್. ಅದರಲ್ಲೇ ಇಮೇಲ್, ರಜೆ ಅರ್ಜಿ, ಖರೀದಿ ಮಂಜೂರಾತಿ, ಶಾಖೆಗಳ ಸುತ್ತೋಲೆ, ಎಲ್ಲವೂ. ಇದನ್ನು ಬಿಟ್ಟು ಇಂಟರ್ನೆಟ್ ಮೂಲಕ ನಡೆಯುವ ಮೈಕ್ರೋಸಾಫ್ಟ್ 365 ಅಥವಾ ಗೂಗಲ್ ವರ್ಕ್‌ಸ್ಪೇಸ್‌ಗೆ ಹೋಗೋಣ ಅಂತ ತೀರ್ಮಾನವಾದ ದಿನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಮ್ಮ ಮೇಲ್ ಎಲ್ಲ ಹೋಗ್ತದಾ?

ಹೋಗುತ್ತದೆ. ಮೇಲ್ ಸಾಗಿಸುವುದು ಈ ಕೆಲಸದ ಸುಲಭದ ಭಾಗ. ತಲೆಬಿಸಿ ಇರುವುದು ಬೇರೆ ಎರಡು ಕಡೆ. ಒಂದು, ಯಾರೋ ಯಾವತ್ತೋ ಮಾಡಿಟ್ಟು ಹೋದ ಸಣ್ಣಪುಟ್ಟ ಅರ್ಜಿ-ಮಂಜೂರಾತಿ ಡೇಟಾಬೇಸ್‌ಗಳು. ಇನ್ನೊಂದು, ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ. ದೊಡ್ಡ ನಗರಗಳ ಕಂಪನಿಗಳಿಗೆ ಬರೆದ ಮಾರ್ಗದರ್ಶಿಗಳಲ್ಲಿ ಈ ಎರಡನೆಯದರ ಸುದ್ದಿಯೇ ಇರುವುದಿಲ್ಲ. ಆದರೆ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಕಾಗದ ಓಡಾಡುವ ನಮ್ಮ ಕಚೇರಿಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದೇ.

ಹೋಗಲೇಬೇಕಾ?

ನೋಟ್ಸ್ ಸತ್ತುಹೋಗಿದೆ ಅನ್ನುವ ಮಾತು ನಿಜವಲ್ಲ. 1989ರಲ್ಲಿ ಲೋಟಸ್ ಕಂಪನಿ ಅದನ್ನು ಹೊರತಂದಿತು. 1995ರಲ್ಲಿ ಐಬಿಎಂ ಲೋಟಸನ್ನೇ ಕೊಂಡಿತು. 2019ರಲ್ಲಿ ಅದು ನಮ್ಮ ದೇಶದ ಎಚ್‌ಸಿಎಲ್ ಕೈಗೆ ಬಂತು. ಆಮೇಲೂ ಹೊಸ ಆವೃತ್ತಿಗಳು ಬಂದಿವೆ, ಡಾಮಿನೊ 14 ಬಂದದ್ದು 2023ರ ಕೊನೆಗೆ. ಹಾಗಾಗಿ ನಿಮ್ಮ ವ್ಯವಹಾರವೆಲ್ಲ ನೋಟ್ಸ್ ಅಪ್ಲಿಕೇಶನ್‌ಗಳ ಮೇಲೆಯೇ ನಿಂತಿದ್ದರೆ, ಮೇಲ್ ಮಾತ್ರ ಹೊಸ ಕಡೆಗೆ ಒಯ್ದು ಅಪ್ಲಿಕೇಶನ್‌ಗಳನ್ನು ಹೊಸ ಡಾಮಿನೊದಲ್ಲಿ ಉಳಿಸಿಕೊಳ್ಳುವುದೂ ಮರ್ಯಾದೆಯ ದಾರಿಯೇ. ಅದನ್ನು ಬಾಯಿಬಿಟ್ಟು ಹೇಳುವ ಮಾರಾಟಗಾರರು ಕಮ್ಮಿ.

ಆದರೆ 8.5ರಂಥ ಹಳೇ ಆವೃತ್ತಿಯಲ್ಲೇ ಕೂತಿದ್ದರೆ ಸುಮ್ನೆ ಕೂರುವ ಹಾಗಿಲ್ಲ. ಅದಕ್ಕೆ ಭದ್ರತಾ ತಿದ್ದುಪಡಿ ಬರುವುದಿಲ್ಲ, ಆ ಸರ್ವರ್ ಇಂಟರ್ನೆಟ್‌ಗೆ ಮುಖ ಮಾಡಿ ನಿಂತಿದೆ. ನೋಟ್ಸ್ ಅಲ್ಲ, ನಮ್ಮದು ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ ಅನ್ನುವವರಿಗೂ ಇದೇ ಮಾತು. ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯುವ ದಿನ ಅಂತ ಹೇಳಿದ್ದು 2025ರ ಅಕ್ಟೋಬರ್ 14. ಕಡತ ಹಂಚಿಕೊಳ್ಳುವ ಅವರದ್ದೇ ಶೇರ್‌ಪಾಯಿಂಟ್ 2016 ಮತ್ತು 2019ಕ್ಕೆ 2026ರ ಜುಲೈ 14. ಮುಂದಿನ ಹಂತಗಳಲ್ಲಿ ಹೆಚ್ಚಿನವು ಇವರಿಗೂ ಹೊಂದುತ್ತವೆ.

ಹಂತ 1: ಏನೇನಿದೆ ಅಂತ ಪಟ್ಟಿ ಮಾಡಿ

ಲೈಸೆನ್ಸ್ ಕೊಳ್ಳುವ ಮೊದಲೇ ಇದು ಆಗಬೇಕು. ಸರ್ವರ್‌ನ ಡೇಟಾ ಫೋಲ್ಡರ್ ತೆಗೆದು ಅದರಲ್ಲಿರುವ ಎಲ್ಲ ಎನ್‌ಎಸ್‌ಎಫ್ ಫೈಲ್‌ಗಳ (ನೋಟ್ಸ್ ಡೇಟಾಬೇಸ್ ಫೈಲ್‌ಗಳ) ಪಟ್ಟಿ ಒಂದು ಎಕ್ಸೆಲ್‌ಗೆ ಹಾಕಿ. ಹೆಸರು, ಗಾತ್ರ, ಎಷ್ಟು ದಾಖಲೆ, ಕೊನೆಗೆ ಯಾರು ಯಾವಾಗ ತೆರೆದರು. ಕೊನೆಯದಕ್ಕೆ ಸರ್ವರ್‌ನ ಲಾಗ್ ಡೇಟಾಬೇಸ್‌ನಲ್ಲಿ ಬಳಕೆಯ ಲೆಕ್ಕ ಸಿಗುತ್ತದೆ. ಆದರೆ ಲಾಗ್‌ನಲ್ಲಿ ಇರುವುದು ಹತ್ತಿರದ ದಿನಗಳ ಕಥೆ ಮಾತ್ರ. ವರ್ಷಕ್ಕೊಮ್ಮೆ ಮಾರ್ಚ್-ಏಪ್ರಿಲ್‌ನಲ್ಲಿ ತೆರೆಯುವ ಬೋನಸ್ ಪಟ್ಟಿ, ಆಡಿಟ್ ಸಮಯಕ್ಕೆ ಮಾತ್ರ ಬೇಕಾಗುವ ಆಸ್ತಿ ವಿವರ, ಇವೆಲ್ಲ ಬಳಕೆಯಲ್ಲೇ ಇಲ್ಲದ ಹಾಗೆ ಕಾಣುತ್ತವೆ. ಹಾಗಾಗಿ ಪಟ್ಟಿ ಹಿಡಿದುಕೊಂಡು ಪ್ರತಿ ವಿಭಾಗಕ್ಕೂ ನೀವೇ ಹೋಗಿ ಕೇಳಿ. ಮೇಲ್ ಕಳಿಸಿ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಮೇಜಿನ ಎದುರು ಕೂತು "ಇದನ್ನು ನಾಳೆ ಅಳಿಸಿದರೆ ನಿಮಗೆ ತೊಂದರೆ ಆಗ್ತದಾ" ಅಂತ ಕೇಳಿದರೆ ಕೂಡಲೇ ಹೇಳುತ್ತಾರೆ.

ಪಟ್ಟಿಯಲ್ಲಿ ಬಿಟ್ಟುಹೋಗುವ ಕೆಲವು ಸಂಗತಿಗಳಿವೆ.

ಸರ್ವರ್‌ನಲ್ಲಿ ಇಲ್ಲದ ಮೇಲ್. ಜಾಗ ತುಂಬಿದಾಗ ಜನ ಹಳೇ ಮೇಲ್‌ಗಳನ್ನು ತಮ್ಮ ಕಂಪ್ಯೂಟರ್‌ನಲ್ಲೇ ಆರ್ಕೈವ್ ಮಾಡಿಟ್ಟುಕೊಂಡಿರುತ್ತಾರೆ. ಆ ಫೈಲ್ ಇರುವುದು ಅವರ ಸಿ ಡ್ರೈವ್‌ನಲ್ಲಿ. ಮುಳ್ಳೇರಿಯ ಶಾಖೆಯ ಆ ಹಳೇ ಕಂಪ್ಯೂಟರ್ ಗುಜರಿಗೆ ಹೋದರೆ ಹತ್ತು ವರ್ಷದ ಪತ್ರವ್ಯವಹಾರವೂ ಅದರ ಜೊತೆಗೇ ಹೋಯಿತು. ಪ್ರತಿ ಕಂಪ್ಯೂಟರ್‌ನಲ್ಲೂ ಎನ್‌ಎಸ್‌ಎಫ್ ಫೈಲ್ ಹುಡುಕಿ ಸರ್ವರ್‌ಗೆ ತಂದಿಡಿ.

ರಾತ್ರಿ ಓಡುವ ಏಜೆಂಟ್‌ಗಳು. ಬೆಳಿಗ್ಗೆ ಎಂಟಕ್ಕೆ ಮ್ಯಾನೇಜರ್‌ಗೆ ಬಾಕಿ ಪಟ್ಟಿ ಮೇಲ್ ಬರುತ್ತದೆ ಅಂದರೆ ಅದನ್ನು ಕಳಿಸುವ ಒಂದು ಪುಟ್ಟ ಪ್ರೋಗ್ರಾಂ ಎಲ್ಲೋ ಇದೆ. ಅದು ನಿಂತದ್ದು ಗೊತ್ತಾಗುವುದು ಬಾಕಿ ವಸೂಲಿ ತಪ್ಪಿದ ಮೇಲೆ.

ಮನುಷ್ಯರಲ್ಲದ ಮೇಲ್ ಬಳಕೆದಾರರು. ಸ್ಕ್ಯಾನರ್, ಯುಪಿಎಸ್, ಹಾಜರಾತಿ ಯಂತ್ರ, ಬಿಲ್ ಕಳಿಸುವ ಅಕೌಂಟಿಂಗ್ ಸಾಫ್ಟ್‌ವೇರ್, ಇವೆಲ್ಲ ಹಳೇ ಸರ್ವರ್ ಮೂಲಕ ಮೇಲ್ ಕಳಿಸುತ್ತಿರುತ್ತವೆ. ಹೊಸ ವೇದಿಕೆ ಅವುಗಳನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಮೈಕ್ರೋಸಾಫ್ಟ್ 365ಕ್ಕೆ ಟಿಎಲ್‌ಎಸ್ 1.2 ಅನ್ನುವ ಸುರಕ್ಷಿತ ಸಂಪರ್ಕದ ವಿಧಾನ ಬೇಕು, ಹಳೇ ಸ್ಕ್ಯಾನರ್‌ಗೆ ಅದು ಗೊತ್ತೇ ಇರುವುದಿಲ್ಲ. ಯಾವ ಯಂತ್ರ ಎಲ್ಲಿದೆ, ಮಾಡೆಲ್ ಯಾವುದು ಅಂತ ಈಗಲೇ ಬರೆದಿಡಿ.

ಹಂತ 2: ವಿಂಗಡಿಸಿ

ಅಡಿಕೆ ಮಂಡಿಗೆ ಹೋಗುವ ಮೊದಲು ಚಾಲಿ, ಪಟೋರ, ಕೋಕ ಅಂತ ಬೇರೆ ಬೇರೆ ಮಾಡುತ್ತೇವಲ್ಲ, ಹಾಗೆಯೇ ಪಟ್ಟಿಯ ಪ್ರತಿ ಸಾಲಿನ ಎದುರೂ ಒಂದು ತೀರ್ಪು ಬರೆಯಿರಿ: ಒಯ್ಯುವುದು, ಹೊಸದಾಗಿ ಕಟ್ಟುವುದು, ಓದಲು ಮಾತ್ರ ಇಡುವುದು, ಬಿಡುವುದು. ನನ್ನ ಅನುಭವದಲ್ಲಿ ಹೊಸದಾಗಿ ಕಟ್ಟಬೇಕಾದ್ದು ತುಂಬ ಕಮ್ಮಿ. ಓದಲು ಮಾತ್ರ ಇಡುವಂಥದ್ದೇ ಜಾಸ್ತಿ.

ಬಿಡುವ ಮೊದಲು ಕಾನೂನು ನೋಡಿ. ಕಂಪನಿ ಕಾಯ್ದೆ 2013ರ ಪ್ರಕಾರ ಲೆಕ್ಕಪತ್ರಗಳನ್ನು 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು. ಕೇಸ್ ನಡೆಯುತ್ತಿದ್ದರೆ ಅದಕ್ಕೂ ಜಾಸ್ತಿ. ಖರೀದಿ ಮಂಜೂರಾತಿಯ ಡೇಟಾಬೇಸ್ ಇದರ ಒಳಗೆ ಬರುತ್ತದಾ ಅನ್ನುವುದನ್ನು ನಿಮ್ಮ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಸಂಗತಿಯನ್ನು ನಾನು ಒತ್ತಿ ಹೇಳುತ್ತೇನೆ. ಕೇರಳದಲ್ಲಿ ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕಿದೆ. ಆ ಹಕ್ಕನ್ನು ಬಳಸಿ ನಿಮ್ಮ ಸಂಸ್ಥೆ ಪಂಚಾಯತಿಗೆ, ತಾಲೂಕು ಕಚೇರಿಗೆ, ಕಲೆಕ್ಟರೇಟಿಗೆ ಬರೆದ ಕನ್ನಡ ಪತ್ರಗಳು, ಅವಕ್ಕೆ ಬಂದ ಉತ್ತರಗಳು ಇದೇ ಸರ್ವರ್‌ನಲ್ಲಿವೆ. ಹಳೇದು, ಯಾರು ಓದ್ತಾರೆ ಅಂತ ಅವನ್ನು ಬಿಡುವ ಗುಂಪಿಗೆ ಹಾಕಬೇಡಿ. ಅವು ಈ ಊರಿನ ದಾಖಲೆ.

ಹಂತ 3: ಕನ್ನಡ ಯಾವ ರೂಪದಲ್ಲಿದೆ ನೋಡಿ

ಇಲ್ಲಿ ನಿಧಾನ ಮಾಡಿ.

ನುಡಿ, ಬರಹ, ಶ್ರೀಲಿಪಿ, ಆಕೃತಿ, ಇವುಗಳ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಕಂಪ್ಯೂಟರ್‌ನ ಮಟ್ಟಿಗೆ ಕನ್ನಡವೇ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಮಾತ್ರ ಅದರ ಮೇಲೆ ಕನ್ನಡದ ಚಿತ್ರ ಬರೆದು ತೋರಿಸುತ್ತದೆ. ಫಾಂಟ್ ಹೋಯಿತೋ, ಕನ್ನಡವೂ ಹೋಯಿತು. ನೋಟ್ಸ್‌ನಿಂದ ಹೊಸ ವೇದಿಕೆಗೆ ಮೇಲ್ ಒಯ್ಯುವಾಗ ಆಗುವುದು ಇದೇ: ಅಕ್ಷರಗಳು ಹೋಗುತ್ತವೆ, ಫಾಂಟ್ ಮಾಹಿತಿ ಅನೇಕ ಸಲ ಉದುರಿಹೋಗುತ್ತದೆ. ಆಮೇಲೆ ತೆರೆದರೆ ತಲೆಬುಡವಿಲ್ಲದ ಚಿಹ್ನೆಗಳ ಸಾಲು. ಫಾಂಟ್ ಉಳಿದರೂ ಹುಡುಕಾಟ ನಡೆಯುವುದಿಲ್ಲ. ಸರ್ಚ್‌ನಲ್ಲಿ "ಮಂಜೇಶ್ವರ" ಅಂತ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳಿಗೂ ಈಗ ಬಳಸುವ ಒಂದೇ ಸಂಕೇತ ಪದ್ಧತಿಯಲ್ಲಿ) ಹೊಡೆದರೆ ಹಳೇ ಪತ್ರ ಒಂದೂ ಸಿಗುವುದಿಲ್ಲ. ಮೊಬೈಲ್‌ನಲ್ಲಂತೂ ಆ ಫಾಂಟ್ ಇರುವುದೇ ಇಲ್ಲ.

ಹಾಗಾಗಿ ಪ್ರತಿ ಡೇಟಾಬೇಸ್‌ನಿಂದಲೂ, ಪ್ರತಿ ಮುಖ್ಯ ಫೋಲ್ಡರ್‌ನಿಂದಲೂ ಒಂದಷ್ಟು ಮಾದರಿ ದಾಖಲೆ ತೆಗೆಯಿರಿ. ಬೇರೆ ಬೇರೆ ವರ್ಷದ್ದಾಗಿರಲಿ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್, ಚಿಂತೆಯಿಲ್ಲ. ಚಿಹ್ನೆಗಳಾಗಿ ಕಂಡರೆ ಹಳೇ ಫಾಂಟ್. ಯಾವ ಫಾಂಟ್ ಅಂತ ಮೂಲ ದಾಖಲೆಯಲ್ಲೇ ನೋಡಿ ಬರೆದುಕೊಳ್ಳಿ. ನುಡಿ ಮತ್ತು ಬರಹ ಫಾಂಟ್‌ಗಳ ಸಂಕೇತ ಹೆಚ್ಚುಕಮ್ಮಿ ಒಂದೇ, ಒಂದೇ ಪರಿವರ್ತಕ ಎರಡಕ್ಕೂ ನಡೆಯುತ್ತದೆ. ಶ್ರೀಲಿಪಿ, ಆಕೃತಿಗಳದ್ದು ಬೇರೆ.

ಪರಿವರ್ತಕಕ್ಕೆ ಕೊಟ್ಟು ಬಂದದ್ದನ್ನು ಹಾಗೇ ನಂಬಬೇಡಿ. ಹೆಚ್ಚಾಗಿ ಕೆಡುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ಅರ್ಕಾವತ್ತು. "ಕಾರ್ಯದರ್ಶಿ" ಅನ್ನುವಾಗ ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಅದನ್ನು ವ್ಯಂಜನದ ಮೊದಲಿಗೆ ತರದಿದ್ದರೆ ಪದ ಕೆಟ್ಟಿತು. ಎರಡನೆಯದು ಒತ್ತಕ್ಷರದ ಮೇಲೆ ಸ್ವರ ಬರುವ ಪದಗಳು. ಪರೀಕ್ಷೆಗೆ ನಮ್ಮ ಊರಿನ ಹೆಸರುಗಳೇ ಸಾಕು: ಕುಂಬ್ಡಾಜೆ, ಎಣ್ಮಕಜೆ, ಮುಳ್ಳೇರಿಯ, ಕೋಳ್ಯೂರು. ಜೊತೆಗೆ ವಾರ್ಷಿಕ, ಸ್ವಾತಂತ್ರ್ಯ, ಕೃಷಿ, ಅಕ್ಟೋಬರ್. ಇವಿಷ್ಟು ಸರಿಯಾಗಿ ಬಂದರೆ ಉಳಿದದ್ದೂ ಬಹುತೇಕ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಅದು ಕಣ್ಣಿಗೆ ಬೀಳುವುದೂ ತಡವಾಗಿ. ಖರೀದಿ ರಶೀದಿ ಕನ್ನಡದಲ್ಲಿದೆ, ನಡುವೆ ಲಾರಿ ನಂಬರ್ ಇಂಗ್ಲಿಷ್‌ನಲ್ಲಿದೆ ಅಂತ ಇಟ್ಟುಕೊಳ್ಳಿ. ಕೆಎಲ್ 14ರ ಗಾಡಿ, ಕೆಎ 19ರ ಗಾಡಿ, ಮುಂದೆ ನಾಲ್ಕು ಅಂಕಿ. ಪರಿವರ್ತಕ ಫಾಂಟ್ ನೋಡದೆ ಬರೀ ಅಕ್ಷರ ನೋಡುವಂಥದ್ದಾದರೆ ಆ ಇಂಗ್ಲಿಷ್ ಅಕ್ಷರಗಳನ್ನೂ ಹಳೇ ಕನ್ನಡ ಸಂಕೇತ ಅಂದುಕೊಂಡು ತಿರುಗಿಸಿಬಿಡುತ್ತದೆ. ಲಾರಿ ನಂಬರ್ ಹೋಗಿ ಅಲ್ಲಿ ಅರ್ಥವಿಲ್ಲದ ಎರಡು ಕನ್ನಡ ಅಕ್ಷರ ಕೂತಿರುತ್ತದೆ. ಜಿಎಸ್‌ಟಿ ಸಂಖ್ಯೆ, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಎಲ್ಲದಕ್ಕೂ ಇದೇ ಗತಿ. ಆದ್ದರಿಂದ ಫಾಂಟ್ ನೋಡಿ ತಿರುಗಿಸುವ ಸಾಧನವನ್ನೇ ಬಳಸಿ. ಅದು ಆಗದ ಕಡೆ ಮೂಲ ದಾಖಲೆಯನ್ನು ಪಿಡಿಎಫ್ ಮಾಡಿ, ಫಾಂಟ್ ಒಳಗೇ ಸೇರಿಸಿ, ಪರಿವರ್ತಿತ ಪಠ್ಯದ ಜೊತೆಗೆ ಲಗತ್ತಿಸಿ. ಹುಡುಕುವುದಕ್ಕೆ ಯೂನಿಕೋಡ್, ಸಾಕ್ಷಿಗೆ ಪಿಡಿಎಫ್. ಜಾಗ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಬೇಕಾಗಲಿ.

ಮಲಯಾಳಂನಲ್ಲೂ ಇದೇ ಕಥೆ. ಎಂಎಲ್-ಟಿಟಿ ಕಾರ್ತಿಕದಂಥ ಹಳೇ ಫಾಂಟ್‌ಗಳ ಕಡತಗಳಿರುತ್ತವೆ. ಅಷ್ಟೇ ಅಲ್ಲ, ಯೂನಿಕೋಡ್‌ನಲ್ಲೇ ಇದ್ದರೂ ಒಂದು ತೊಡಕಿದೆ. ಮಲಯಾಳಂನ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಿಗೆ) ಪ್ರತ್ಯೇಕ ಸಂಕೇತ ಬಂದದ್ದು 2008ರ ಯೂನಿಕೋಡ್ 5.1ರಲ್ಲಿ. ಅದಕ್ಕೂ ಹಿಂದಿನ ಬರಹದಲ್ಲಿ ಅವು ಬೇರೆ ರೀತಿಯಲ್ಲಿವೆ. ಕಣ್ಣಿಗೆ ಒಂದೇ, ಸರ್ಚ್‌ಗೆ ಎರಡು. ಕನ್ನಡದಲ್ಲೂ "ಕೊ" ಅನ್ನುವುದರ ಒತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು, ಎತ್ವ ಮತ್ತು ಊತ್ವ ಅಂತ ಎರಡು ಸಂಕೇತದಲ್ಲೂ ಬರೆಯಬಹುದು. ಒಯ್ಯುವ ಮುನ್ನ ಎಲ್ಲ ಪಠ್ಯವನ್ನೂ ಫೈಲ್ ಹೆಸರನ್ನೂ ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತನ್ನಿ ಅಂತ ಕೆಲಸ ಮಾಡುವವರಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ. ಕನ್ನಡದ ಈ ಜೋಡಿ ಅದರಲ್ಲೇ ಒಂದಾಗುತ್ತದೆ. ಚಿಲ್ಲಕ್ಷರ ಆಗುವುದಿಲ್ಲ, ಅದಕ್ಕೆ ಬೇರೆಯೇ ಹುಡುಕಿ-ಬದಲಿಸುವ ಪಟ್ಟಿ ಬೇಕು.

ಸಿಬ್ಬಂದಿಗೆ ಒಂದು ಸಮಾಧಾನದ ಮಾತು: ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ. ಬೆರಳಿಗೆ ಹೊಸ ಪಾಠ ಬೇಡ. ಒಂದು ಗುಂಡಿ ಬದಲಿಸಿದರೆ ಮುಗಿಯಿತು. ಒಯ್ಯುವ ಕೆಲಸ ಶುರುವಾಗುವ ಮೊದಲೇ ಎಲ್ಲ ಕಂಪ್ಯೂಟರ್‌ಗಳಲ್ಲಿ ಇದನ್ನು ಮಾಡಿಸಿ. ಇಲ್ಲದಿದ್ದರೆ ನೀವು ಹಿಂದಿನಿಂದ ತಿರುಗಿಸುತ್ತಾ ಬರುತ್ತೀರಿ, ಅವರು ಮುಂದಿನಿಂದ ಹಳೇ ಫಾಂಟ್‌ನಲ್ಲೇ ತುಂಬುತ್ತಾ ಹೋಗುತ್ತಾರೆ.

ಹಂತ 4: ಬೀಗ ಹಾಕಿದ ದಾಖಲೆಗಳು

ನೋಟ್ಸ್‌ನಲ್ಲಿ ಡೇಟಾಬೇಸ್‌ಗೆ ಒಂದು ಅನುಮತಿ ಪಟ್ಟಿ ಇರುತ್ತದೆ. ಅದರ ಮೇಲೆ, ಪ್ರತಿ ದಾಖಲೆಯ ಒಳಗೂ "ಇದನ್ನು ಇಂಥವರು ಮಾತ್ರ ಓದಬಹುದು" ಅನ್ನುವ ರೀಡರ್ಸ್ ಫೀಲ್ಡ್ ಇರಬಹುದು. ಅದರಲ್ಲಿ ಹೆಸರಿಲ್ಲದಿದ್ದರೆ ಡೇಟಾಬೇಸ್‌ನ ಮ್ಯಾನೇಜರ್‌ಗೂ ಆ ದಾಖಲೆ ಕಾಣುವುದಿಲ್ಲ. ತಪ್ಪು ಸಂದೇಶವೂ ಬರುವುದಿಲ್ಲ, ಸುಮ್ಮನೆ ಕಾಣುವುದಿಲ್ಲ. ಒಯ್ಯುವ ಸಾಧನವೂ ಅದನ್ನು ಬಿಟ್ಟು ಮುಂದೆ ಹೋಗಿ "ಎಲ್ಲ ಯಶಸ್ವಿ" ಅಂತ ವರದಿ ಕೊಡುತ್ತದೆ. ಸಂಬಳ, ಶಿಸ್ತುಕ್ರಮದಂಥ ಸೂಕ್ಷ್ಮ ದಾಖಲೆಗಳೇ ಹೀಗೆ ತಪ್ಪಿಹೋಗುವುದು.

ಉಪಾಯ ಸರಳ. ಒಮ್ಮೆ ಮಾಮೂಲಿ ಲಾಗಿನ್‌ನಲ್ಲಿ ದಾಖಲೆ ಎಣಿಸಿ. ಆಮೇಲೆ ಎಲ್ಲ ದಾಖಲೆಯೂ ಕಾಣುವ, ಸರ್ವರ್‌ನ ಫುಲ್ ಆ್ಯಕ್ಸೆಸ್ ಅಡ್ಮಿನಿಸ್ಟ್ರೇಶನ್ ಚಾಲೂ ಮಾಡಿ ಎಣಿಸಿ. ಎರಡು ಲೆಕ್ಕ ಬೇರೆಯಾದರೆ ಅಲ್ಲಿ ಅಡಗಿದ ದಾಖಲೆಗಳಿವೆ. ಒಯ್ಯುವ ಖಾತೆಗೂ ಅಷ್ಟೇ ಅಧಿಕಾರ ಕೊಡಿ, ಹೊಸ ಕಡೆ ಯಾರಿಗೆ ಕಾಣಬೇಕು ಅನ್ನುವುದನ್ನು ಮೊದಲೇ ಬರೆದಿಡಿ. ಇಲ್ಲದಿದ್ದರೆ ಸಂಬಳದ ಪಟ್ಟಿ ಎಲ್ಲರ ಕೈಗೂ ಸಿಗುವ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ.

ಎನ್‌ಕ್ರಿಪ್ಟ್ ಆದ, ಅಂದರೆ ಗುಪ್ತ ಸಂಕೇತದಲ್ಲಿ ಮುಚ್ಚಿಟ್ಟ ಮೇಲ್‌ಗೆ ಇದೂ ಸಾಲದು. ಅದನ್ನು ಬಿಚ್ಚಲು ಆಯಾ ವ್ಯಕ್ತಿಯ ಕೀಲಿ ಇರುವ ಐಡಿ ಫೈಲ್ ಮತ್ತು ಪಾಸ್‌ವರ್ಡ್ ಬೇಕು. ನಿವೃತ್ತರಾದವರ ಐಡಿ ಫೈಲ್ ಎಲ್ಲಿದೆ? ಐಡಿ ಫೈಲ್‌ಗಳ ಪ್ರತಿಯನ್ನು ಸರ್ವರ್‌ನಲ್ಲಿ ಇಡುವ ಐಡಿ ವಾಲ್ಟ್ ಇದ್ದರೆ ಅಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಅವರಿಗೆ ಫೋನ್ ಮಾಡಿ, ಮನೆಗೇ ಹೋಗಿ, ಹೇಗಾದರೂ ತನ್ನಿ. ಸರ್ವರ್ ನಿಲ್ಲಿಸಿದ ಮೇಲೆ ಇದನ್ನು ಸರಿಮಾಡುವ ದಾರಿ ಇಲ್ಲ.

ಹಂತ 5: ಯಾವ ವೇದಿಕೆ, ಏನು ಕಟ್ಟುವುದು

ಇದರ ಬಗ್ಗೆ ಜನ ಬಹಳ ಚರ್ಚೆ ಮಾಡುತ್ತಾರೆ. ನಾನು ಹೆಚ್ಚು ಹೇಳುವುದಿಲ್ಲ. ಎಕ್ಸೆಲ್ ಮೇಲೆ ಬದುಕುವ ಅಕೌಂಟ್ಸ್ ವಿಭಾಗ ದೊಡ್ಡದಿದ್ದರೆ ಮೈಕ್ರೋಸಾಫ್ಟ್. ಎಲ್ಲರೂ ಮೊಬೈಲ್, ಜಿಮೇಲ್‌ನಲ್ಲೇ ಇರುವ ಚಿಕ್ಕ ಸಂಸ್ಥೆಯಾದರೆ ಗೂಗಲ್. ಎರಡರಲ್ಲೂ ಬಿಸಿನೆಸ್ ಯೋಜನೆಗಳಿಗೆ 300 ಬಳಕೆದಾರರ ಮಿತಿ ಇದೆ. ಅದಕ್ಕಿಂತ ದೊಡ್ಡ ಸಂಸ್ಥೆ ಎಂಟರ್‌ಪ್ರೈಸ್ ಯೋಜನೆ ನೋಡಬೇಕು.

ನೋಟ್ಸ್ ಅಪ್ಲಿಕೇಶನ್‌ಗಳನ್ನು ಇದ್ದ ಹಾಗೇ ನಕಲು ಮಾಡಲು ಹೋಗಬೇಡಿ. ರಜೆ ಅರ್ಜಿಗೆ ಹಳೇ ಫಾರಂನಲ್ಲಿ ಇಪ್ಪತ್ತು ಖಾನೆ ಇದ್ದರೆ ನಿಜಕ್ಕೂ ತುಂಬುವುದು ಐದಾರನ್ನೇ. ಆ ಐದಾರನ್ನು ಶೇರ್‌ಪಾಯಿಂಟ್ ಲಿಸ್ಟ್‌ನಲ್ಲಿ ಮಾಡಿ, ಮಂಜೂರಾತಿಗೆ ಪವರ್ ಆಟೊಮೇಟ್ (ಕೆಲಸವನ್ನು ತಾನಾಗಿ ಮುಂದಕ್ಕೆ ಕಳಿಸುವ ಸಾಧನ) ಜೋಡಿಸಿ. ಗೂಗಲ್ ಆದರೆ ಶೀಟ್ಸ್ ಮತ್ತು ಆ್ಯಪ್‌ಶೀಟ್. ಶೇರ್‌ಪಾಯಿಂಟ್ ಲಿಸ್ಟ್‌ನ ಒಂದು ನೋಟದಲ್ಲಿ 5,000 ಸಾಲು ದಾಟಿದರೆ ತಕರಾರು ಶುರು. ಹಳೇ ದಾಖಲೆ ಎಲ್ಲವನ್ನೂ ಅದರೊಳಗೆ ತುರುಕುವ ಮೊದಲು ದಿನಾಂಕ, ಶಾಖೆಯ ಕಾಲಂಗಳಿಗೆ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಹಾಕಿ. ಅದಕ್ಕಿಂತ ಒಳ್ಳೆಯದು, ಚಾಲ್ತಿ ವರ್ಷದ್ದನ್ನು ಮಾತ್ರ ಲಿಸ್ಟ್‌ಗೆ ತಂದು ಉಳಿದದ್ದನ್ನು ಓದುವ ಆರ್ಕೈವ್‌ನಲ್ಲಿ ಇಡುವುದು.

ಸದಸ್ಯರು, ರೈತರ ಪಟ್ಟಿ ಇದ್ದರೆ ಹೆಸರನ್ನು ನಂಬಿ ಜೋಡಿಸಬೇಡಿ. ಒಬ್ಬರೇ ರೈತರ ಹೆಸರು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಮಲಯಾಳಂನಲ್ಲಿ, ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷ್‌ನಲ್ಲಿ ಇರುತ್ತದೆ, ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಸದಸ್ಯ ಸಂಖ್ಯೆಯೇ ಆಧಾರವಾಗಿರಲಿ.

ಫೈಲ್‌ಗಳ ವಿಷಯಕ್ಕೆ ಬಂದರೆ, ಶೇರ್‌ಪಾಯಿಂಟ್‌ನಲ್ಲಿ ಫೋಲ್ಡರ್‌ಗಳ ಹೆಸರೂ ಸೇರಿದ ಪೂರ್ತಿ ಪಾಥ್ 400 ಅಕ್ಷರ ದಾಟಬಾರದು, ಹೆಸರಿನಲ್ಲಿ ಪ್ರಶ್ನಾರ್ಥಕ, ನಕ್ಷತ್ರ, ಕೋಲನ್, ಓರೆಗೆರೆ ಇರಬಾರದು. ಫೋಲ್ಡರ್ ಹೆಸರು ಕನ್ನಡದಲ್ಲಿ ಇಡಬಹುದು, ಧಾರಾಳವಾಗಿ ಇಡಿ. ಆದರೆ ಚಿಕ್ಕದಾಗಿರಲಿ. ಲಿಂಕ್ ಕಾಪಿ ಮಾಡಿದಾಗ ಕನ್ನಡದ ಪ್ರತಿ ಸಂಕೇತವೂ 9 ಗುರುತುಗಳಾಗಿ ಉದ್ದವಾಗುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಪರದೆ ತುಂಬ ಅದೇ.

ಹಂತ 6: ನಮ್ಮ ಲೈನ್ ಎಷ್ಟು ಎಳೆಯುತ್ತದೆ

ಲೆಕ್ಕ ಹಾಕಿ. 200 ಜಿಬಿ ಡೇಟಾ, 20 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಕಾಗದದ ಮೇಲೆ 22 ಗಂಟೆ. ವಾಸ್ತವದಲ್ಲಿ ಅದರ ಎರಡು-ಮೂರು ಪಟ್ಟು, ಯಾಕೆಂದರೆ ಹಗಲು ಕಚೇರಿಯ ಕೆಲಸವೂ ಅದೇ ಲೈನ್‌ನಲ್ಲಿ ನಡೆಯಬೇಕು, ಹೊಸ ವೇದಿಕೆಯೂ ಒಂದು ಮಿತಿ ದಾಟಿದರೆ ವೇಗ ತಗ್ಗಿಸುತ್ತದೆ. ನಿಮ್ಮ ಪ್ಲಾನ್‌ನಲ್ಲಿ ದೊಡ್ಡದಾಗಿ ಬರೆದದ್ದು ಡೌನ್‌ಲೋಡ್ ವೇಗ. ನಿಮಗೆ ಬೇಕಾದ್ದು ಅಪ್‌ಲೋಡ್. ಒಂದು ಸಂಜೆ, ಒಂದು ಮಳೆಯ ದಿನ ಅಳೆದು ನೋಡಿ.

ಹೆಚ್ಚಿನ ಭಾರವನ್ನು ಮೊದಲೇ ಇಳಿಸಿ. ಒಂದು ತಿಂಗಳಿಗಿಂತ ಹಳೆಯ ಮೇಲ್ ಎಲ್ಲವೂ ರಾತ್ರಿ ಹೊತ್ತು ನಿಧಾನಕ್ಕೆ ಹೋಗುತ್ತಿರಲಿ, ವಾರಗಟ್ಟಲೆ ಹಿಡಿದರೂ ಯಾರಿಗೂ ತೊಂದರೆಯಿಲ್ಲ. ಕೊನೆಯ ದಿನ ಒಯ್ಯಬೇಕಾದ್ದು ಆಗ ತೀರಾ ಕಮ್ಮಿ.

ಮೇಲ್‌ನ ಎರಡು ವಿಚಿತ್ರ ಗೊತ್ತಿರಲಿ. ನೋಟ್ಸ್‌ನಲ್ಲಿ ಒಂದೇ ಮೇಲ್ ಹಲವು ಫೋಲ್ಡರ್‌ಗಳಲ್ಲಿ ಕಾಣಬಹುದು, ಪ್ರತಿ ಮಾತ್ರ ಒಂದೇ. ಒಯ್ಯುವಾಗ ಅದು ಪ್ರತಿ ಫೋಲ್ಡರ್‌ಗೂ ಒಂದೊಂದು ಪ್ರತಿಯಾಗಬಹುದು, ಗಾತ್ರ ಏರುತ್ತದೆ. ಐಎಂಎಪಿ (ಸರ್ವರ್‌ನಿಂದ ಮೇಲ್ ಓದುವ ಸಾಮಾನ್ಯ ವಿಧಾನ) ಮೂಲಕ ಮೈಕ್ರೋಸಾಫ್ಟ್ 365ಕ್ಕೆ ಒಯ್ದರೆ ಹೋಗುವುದು ಮೇಲ್ ಮಾತ್ರ. ಕ್ಯಾಲೆಂಡರ್, ವಿಳಾಸ ಪುಸ್ತಕ, ಕೆಲಸದ ಪಟ್ಟಿ ಹೋಗುವುದಿಲ್ಲ, 35 ಎಂಬಿಗಿಂತ ದೊಡ್ಡ ಮೇಲ್ ಕೂಡ ಉಳಿದುಬಿಡುತ್ತದೆ. ಕ್ಯಾಲೆಂಡರ್ ಬೇಕೇ ಬೇಕು ಅಂದರೆ ನೋಟ್ಸ್‌ಗೆಂದೇ ಮಾಡಿದ ಸಾಧನ ಕೊಳ್ಳಿ. ಪ್ರತಿ ಸೋಮವಾರದ ಸಭೆಯಂಥ ಮರುಕಳಿಸುವ ಸಭೆಗಳನ್ನು ಮಾತ್ರ ಹೊಸದಾಗಿಯೇ ಹಾಕಿಕೊಳ್ಳಿ, ಅವು ಒಯ್ದ ಮೇಲೆ ಸರಿಯಾಗಿ ಬರುವುದು ಅಪರೂಪ.

ದಾಖಲೆಯಿಂದ ದಾಖಲೆಗೆ ಕೊಟ್ಟ ಡಾಕ್‌ಲಿಂಕ್‌ಗಳೂ ಸಾಯುತ್ತವೆ. ಮುಖ್ಯ ಸುತ್ತೋಲೆಗಳಲ್ಲಿ ಅವನ್ನು ಕೈಯಿಂದ ಬದಲಿಸಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ಹಂತ 7: ಮೊದಲು ಒಂದು ಚಿಕ್ಕ ಗುಂಪು

ಐಟಿಯವರನ್ನೇ ಮೊದಲ ಪ್ರಯೋಗದ ಗುಂಪು ಮಾಡಿದರೆ ಪ್ರಯೋಜನವಿಲ್ಲ. ಅಕೌಂಟ್ಸ್‌ನಿಂದ ಒಬ್ಬರು, ಕನ್ನಡದಲ್ಲಿ ಜಾಸ್ತಿ ಟೈಪ್ ಮಾಡುವ ಒಬ್ಬರು, ದೂರದ ಶಾಖೆಯಿಂದ ಒಬ್ಬರು, ಕಂಪ್ಯೂಟರ್ ಕಂಡರೆ ಸಿಟ್ಟು ಬರುವ ಹಿರಿಯರೊಬ್ಬರು. ಎರಡು ವಾರ ನಿಜವಾದ ಕೆಲಸ ಹೊಸದರಲ್ಲೇ ಮಾಡಲಿ.

ಲಾಗಿನ್‌ಗೆ ಎರಡನೇ ಪರಿಶೀಲನೆ ಕಡ್ಡಾಯ ಮಾಡಿ, ಆದರೆ ಎಸ್‌ಎಂಎಸ್ ಒಟಿಪಿ ಬೇಡ. ತಲಪಾಡಿ, ಪೆರ್ಲ, ಅಡೂರು ಕಡೆ ಗಡಿಯಲ್ಲಿ ಫೋನ್ ಒಮ್ಮೆ ಕೇರಳದ ಟವರ್, ಒಮ್ಮೆ ಕರ್ನಾಟಕದ ಟವರ್ ಹಿಡಿಯುತ್ತದೆ, ಕೆಲವು ಕಡೆ ಯಾವುದನ್ನೂ ಹಿಡಿಯುವುದಿಲ್ಲ. ಅಥೆಂಟಿಕೇಟರ್ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್‌ಗೆ ನೆಟ್‌ವರ್ಕೇ ಬೇಡ. ಫೋನಿನ ಗಡಿಯಾರ ಸರಿ ಇದ್ದರೆ ಸಾಕು.

ತರಬೇತಿ ಅವರವರ ಭಾಷೆಯಲ್ಲೇ ಆಗಲಿ. ಒಂದು ಪುಟ, ಕನ್ನಡದಲ್ಲಿ ಒಂದು, ಮಲಯಾಳಂನಲ್ಲಿ ಒಂದು, ಸ್ಕ್ರೀನಿನ ಚಿತ್ರಗಳ ಜೊತೆ. ಮೂವತ್ತು ಪುಟದ ಇಂಗ್ಲಿಷ್ ಕೈಪಿಡಿಯನ್ನು ಯಾರೂ ತೆರೆಯುವುದಿಲ್ಲ.

ಹಂತ 8: ದಿನ ಗೊತ್ತುಮಾಡಿ

ಎರಡನೇ ಶನಿವಾರ ರಜೆ, ಅವತ್ತೇ ಮಾಡೋಣ ಅಂತ ಎಲ್ಲರೂ ಹೇಳುತ್ತಾರೆ. ಅದು 8ರಿಂದ 14ನೇ ತಾರೀಕಿನೊಳಗೆ ಬೀಳುತ್ತದೆ. ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11 ಕೊನೆಯ ದಿನ, ತೆರಿಗೆ ಕಟ್ಟುವ 3ಬಿ ರಿಟರ್ನ್‌ಗೆ 20. ನಡುವೆ ಅಕೌಂಟ್ಸ್‌ನವರ ಮೇಲ್ ಕೆಡಿಸಿದರೆ ಅವರು ಸುಮ್ಮನಿರುವುದಿಲ್ಲ, ಇರಬಾರದು ಕೂಡ. ನಾಲ್ಕನೇ ಶನಿವಾರ ಒಳ್ಳೆಯದು: 20 ದಾಟಿರುತ್ತದೆ, ಬ್ಯಾಂಕಿಗೂ ರಜೆ. ಮಾರ್ಚ್ ಬೇಡವೇ ಬೇಡ. ಜೂನ್-ಜುಲೈಯ ಮಳೆಯಲ್ಲಿ ಕರೆಂಟ್, ಕೇಬಲ್ ಎರಡನ್ನೂ ನಂಬುವ ಹಾಗಿಲ್ಲ. ಅಕ್ಟೋಬರ್‌ನಲ್ಲಿ ಮಾಡುವುದಾದರೆ ಸಂಜೆಯ ಗುಡುಗು-ಸಿಡಿಲಿಗೆ ಮೋಡೆಮ್ ಸುಟ್ಟುಹೋಗುವುದು ನಮ್ಮಲ್ಲಿ ಹೊಸತಲ್ಲ. ಬದಲಿ ಮೋಡೆಮ್ ಒಂದು, ಮೊಬೈಲ್ ಡೇಟಾದ ಡಾಂಗಲ್ ಒಂದು ಕೈಯಲ್ಲಿರಲಿ.

ಗೊತ್ತುಮಾಡಿದ ದಿನಕ್ಕೂ ಮೂರು ದಿನ ಮೊದಲು ಡೊಮೇನ್‌ನ ಎಂಎಕ್ಸ್ ರೆಕಾರ್ಡಿನ (ಮೇಲ್ ಯಾವ ಸರ್ವರ್‌ಗೆ ಬರಬೇಕು ಅಂತ ಹೇಳುವ ದಾಖಲೆಯ) ಟಿಟಿಎಲ್ ಅನ್ನು, ಅಂದರೆ ಬೇರೆಯವರ ಸರ್ವರ್‌ಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. 86,400 ಇದ್ದರೆ, ಅಂದರೆ ಒಂದು ದಿನ, ಬದಲಾವಣೆ ಜಗತ್ತಿಗೆ ತಲುಪಲು ಅಷ್ಟು ಹೊತ್ತು ಬೇಕು. ಡೊಮೇನ್‌ನ ಲಾಗಿನ್ ಯಾರ ಹತ್ತಿರ ಇದೆ ಅನ್ನುವುದನ್ನು ಇವತ್ತೇ ಹುಡುಕಿ. ಎಷ್ಟೋ ಕಡೆ ಅದು ಮೊದಲು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲೇ ಇರುತ್ತದೆ, ಅವನು ಈಗ ಗಲ್ಫ್‌ನಲ್ಲಿರುತ್ತಾನೆ.

ಶನಿವಾರ ಸಂಜೆ ಎಂಎಕ್ಸ್ ಬದಲಿಸಿ. ನಿಮ್ಮ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ರೆಕಾರ್ಡ್ ಒಂದು ಡೊಮೇನ್‌ಗೆ ಒಂದೇ ಇರಬೇಕು. ಹಳೇದನ್ನು ತಿದ್ದಿ, ಪಕ್ಕದಲ್ಲಿ ಇನ್ನೊಂದು ಸೇರಿಸಬೇಡಿ. ಅದರೊಳಗಿಂದ ಬೇರೆ ಡೊಮೇನ್ ದಾಖಲೆಗಳ ಹುಡುಕಾಟ (ಡಿಎನ್‌ಎಸ್ ಲುಕಪ್) 10 ದಾಟಬಾರದು. ಹೋಗುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್ ಚಾಲೂ ಮಾಡಿ. ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕನ್ನು ಮೊದಲು ಬರೀ ವರದಿ ತರಿಸಿಕೊಳ್ಳುವ ಸ್ಥಿತಿಯಲ್ಲಿಡಿ, ಸ್ಕ್ಯಾನರ್, ಬಿಲ್ಲಿಂಗ್ ಎಲ್ಲ ಸರಿಯಾಗಿ ಹೋಗುತ್ತಿದೆ ಅಂತ ವರದಿಯಲ್ಲಿ ಕಂಡ ಮೇಲೆ ಬಿಗಿ ಮಾಡಿ. ಹಳೇ ಸರ್ವರ್ ಇನ್ನೊಂದು ವಾರ ಮೇಲ್ ತೆಗೆದುಕೊಂಡು ಹೊಸ ಕಡೆಗೆ ದಾಟಿಸುತ್ತಿರಲಿ.

ಭಾನುವಾರ ಉಳಿದ ಮೇಲ್ ಒಯ್ದು ಎಣಿಕೆ ಹೊಂದಿಸಿ. ಮೇಲ್‌ಬಾಕ್ಸ್‌ಗೆ ಮೇಲ್‌ಬಾಕ್ಸ್, ಡೇಟಾಬೇಸ್‌ಗೆ ಡೇಟಾಬೇಸ್. ಸಂಖ್ಯೆ ಕೂಡಿಬಂದರೆ ಸಾಲದು, ಕನ್ನಡ ಮಾದರಿ ದಾಖಲೆಗಳನ್ನು ತೆರೆದು ಓದಿ. ಓದುವವರು ಅವನ್ನು ಬರೆದವರೇ ಆಗಿದ್ದರೆ ಇನ್ನೂ ಒಳ್ಳೆಯದು. ಸೋಮವಾರ ಬೆಳಿಗ್ಗೆ ಪ್ರತಿ ಶಾಖೆಯಲ್ಲೂ ಒಬ್ಬರು ಕೂತಿರಲಿ, ಫೋನಿನಲ್ಲಿ ಅಲ್ಲ, ಎದುರಿಗೆ.

ಹಂತ 9: ಹಳೇ ಸರ್ವರ್

ಕೂಡಲೇ ನಿಲ್ಲಿಸಬೇಡಿ, ಹಾಗಂತ ಇದ್ದ ಹಾಗೇ ಬಿಡಲೂಬೇಡಿ. ಎಲ್ಲರ ಅನುಮತಿಯನ್ನೂ ಓದುವುದಕ್ಕೆ ಇಳಿಸಿ. ಮೇಲ್ ದಾಟಿಸುವ ಆ ಒಂದು ವಾರ ಮುಗಿದ ಮೇಲೆ ಇಂಟರ್ನೆಟ್ ಸಂಪರ್ಕ ತೆಗೆಯಿರಿ, ಕಚೇರಿಯ ಒಳಗೆ ಮಾತ್ರ ಕಾಣಲಿ. ಒಂದು ಮಾರ್ಚ್ ಕೊನೆ, ಒಂದು ಆಡಿಟ್ ಪೂರ್ತಿ ಮುಗಿಯುವ ತನಕ ಹೀಗೆ ಇರಲಿ. ಯಾರು ಏನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ ಅಂತ ಬರೆದಿಡಿ. ಅದು ನೀವು ಒಯ್ಯಲು ಮರೆತದ್ದರ ಪಟ್ಟಿ.

ಆಮೇಲೆ ಪೂರ್ತಿ ಸರ್ವರನ್ನು ಒಂದು ವರ್ಚುವಲ್ ಮಷಿನ್ (ಬೇರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್) ಆಗಿ ಉಳಿಸಿ. ಅದರೊಳಗೆ ನೋಟ್ಸ್ ಕ್ಲೈಂಟ್, ಐಡಿ ಫೈಲ್‌ಗಳು, ಹಳೇ ಕನ್ನಡ-ಮಲಯಾಳಂ ಫಾಂಟ್‌ಗಳು ಎಲ್ಲ ಇರಲಿ, ಫಾಂಟ್ ಮರೆತರೆ ದಾಖಲೆ ಇದ್ದೂ ಓದಲಾಗದು. ಲೈಸೆನ್ಸ್ ಏನು ಬೇಕು ಅಂತ ಎಚ್‌ಸಿಎಲ್ ಹತ್ತಿರ ಕೇಳಿಕೊಳ್ಳಿ. ಕಾನೂನಿಗೆ ಬೇಕಾದ ದಾಖಲೆಗಳ ಪಿಡಿಎಫ್ ಪ್ರತಿ ಇದರಿಂದ ಬೇರೆಯಾಗಿಯೇ ಇರಲಿ, ಯಾವ ಸಾಫ್ಟ್‌ವೇರ್‌ನ ಹಂಗೂ ಇಲ್ಲದೆ ತೆರೆಯುವ ಹಾಗೆ. ಡಿಸ್ಕಿನ ಒಂದು ಪ್ರತಿ ಮುಖ್ಯ ಕಚೇರಿಯಲ್ಲಿ, ಇನ್ನೊಂದು ಬೇರೆ ಊರಿನ ಶಾಖೆಯಲ್ಲಿ. ಎರಡೂ ಎನ್‌ಕ್ರಿಪ್ಟ್ ಆಗಿರಲಿ, ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಕಾರ್ಯದರ್ಶಿಯ ಕಪಾಟಿನಲ್ಲಿರಲಿ. ಪ್ರತಿ ಏಪ್ರಿಲ್‌ನಲ್ಲಿ ಒಮ್ಮೆ ಎರಡನ್ನೂ ತೆರೆದು, ಒಂದು ಹಳೇ ಕನ್ನಡ ಪತ್ರ ತೆಗೆದು ಓದಿ ನೋಡಿ.